ಪಿಂಕ್ ಫ್ಲಾಯ್ಡ್‌ನ ಲಯ ಕಟ್ಟಿದ ಕೈ

1971ರ ಅಕ್ಟೋಬರ್‌ನಲ್ಲಿ ಇಟಲಿಯ ಪಾಂಪೇ ನಗರದ ಪಾಳುಬಿದ್ದ ರೋಮನ್ ರಂಗಮಂದಿರದಲ್ಲಿ ಪಿಂಕ್ ಫ್ಲಾಯ್ಡ್ ತಂಡ ಕ್ಯಾಮೆರಾಗಳಿಗಾಗಿ ಮಾತ್ರ ನುಡಿಸಿತು. ಟಿಕೆಟ್ ಕೊಂಡು ಬಂದ ಜನರಿರಲಿಲ್ಲ. ಸುತ್ತ ಕಲ್ಲಿನ ಮೆಟ್ಟಿಲುಗಳು, ನಡುವೆ ಮಣ್ಣಿನ ನೆಲ, ಮೇಲೆ ಸುಡುವ ಬಿಸಿಲು. ನಿರ್ದೇಶಕ ಏಡ್ರಿಯನ್ ಮೇಬೆನ್ ಅಲ್ಲಿ ಚಿತ್ರೀಕರಿಸಿದ ಹಲವು ರೀಲುಗಳು ಆಮೇಲೆ ಕಳೆದುಹೋದವು. ಹಾಗಾಗಿ 'ಒನ್ ಆಫ್ ದೀಸ್ ಡೇಸ್' ರಚನೆಯ ಬಹುಪಾಲು ಹೊತ್ತು ತೆರೆಯ ಮೇಲೆ ಡ್ರಮ್ಮರ್ ನಿಕ್ ಮೇಸನ್ ಒಬ್ಬರೇ ಕಾಣಿಸುತ್ತಾರೆ. ನುಡಿಸುವ ರಭಸದಲ್ಲಿ ಒಂದು ಕೋಲು ಅವರ ಕೈಜಾರಿ ಹಾರಿಹೋಗುತ್ತದೆ. ಮರುಕ್ಷಣವೇ ಇನ್ನೊಂದು ಕೋಲು ಕೈಗೆ ಬರುತ್ತದೆ. ಆ ನಡುವೆ ಬೇಸ್ ಡ್ರಮ್ ತುಳಿಯುವ ಕಾಲುಗಳು ನಿಲ್ಲುವುದಿಲ್ಲ, ಲಯ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಕ್ಯಾಮೆರಾ ಇಷ್ಟು ಹೊತ್ತು ಮೇಸನ್ ಮೇಲೆ ನೆಟ್ಟಿದ್ದು ರೀಲು ಕಳೆದುಹೋದ ಆಕಸ್ಮಿಕದಿಂದ. ಪಿಂಕ್ ಫ್ಲಾಯ್ಡ್ ಬಗ್ಗೆ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದಿರುವ ಚರ್ಚೆಯಲ್ಲಿ ಅಂಥ ಗಮನ ಅವರಿಗೆ ಸಿಕ್ಕಿದ್ದು ಅಪರೂಪ. ಸಿಡ್ ಬ್ಯಾರೆಟ್ ಅವರ ದುರಂತ, ರೋಜರ್ ವಾಟರ್ಸ್ ಅವರ ಸಾಹಿತ್ಯ ಮತ್ತು ಸಿಟ್ಟು, ಡೇವಿಡ್ ಗಿಲ್ಮೋರ್ ಅವರ ಗಿಟಾರ್, ರಿಚರ್ಡ್ ರೈಟ್ ಅವರ ಕೀಬೋರ್ಡ್, ಇವುಗಳ ಬಗ್ಗೆ ಪುಸ್ತಕಗಳೇ ಇವೆ. ಡ್ರಮ್ಮರ್ ವಿಷಯ ಬಂದರೆ ಒಂದೇ ವಾಕ್ಯ: ಅದೃಷ್ಟವಂತ, ಒಳ್ಳೆಯ ಮನುಷ್ಯ, ಸಾಧಾರಣ ವಾದಕ. ಈ ವಾಕ್ಯದ ಕೊನೆಯ ಎರಡು ಪದ ತಪ್ಪು. ಮೇಸನ್ ಅವರ ವಾದನವನ್ನು ತೆಗೆದರೆ ಆ ತಂಡದ ಸಂಗೀತದ ಆಕಾರವೇ ಬದಲಾಗುತ್ತದೆ. ಹಾಗೆ ಬದಲಾಗಿ ನಿಂತ ಒಂದು ಆಲ್ಬಮ್ಮೇ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಮೇಸನ್ ಹುಟ್ಟಿದ್ದು 1944ರ ಜನವರಿ 27ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ. ಬೆಳೆದದ್ದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಬಿಲ್ ಮೇಸನ್ ಸಾಕ್ಷ್ಯಚಿತ್ರ ತಯಾರಕರು, ಮೋಟಾರ್ ರೇಸಿನ ಚಿತ್ರಗಳಿಗೆ ಹೆಸರಾದವರು. 1962ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿದಾಗ ಅದೇ ತರಗತಿಯಲ್ಲಿ ವಾಟರ್ಸ್ ಮತ್ತು ರೈಟ್ ಸಿಕ್ಕರು. ಅಲ್ಲಿ ಹುಟ್ಟಿದ ವಿದ್ಯಾರ್ಥಿಗಳ ತಂಡ ಹೆಸರು ಬದಲಿಸುತ್ತ, ಬ್ಯಾರೆಟ್ ಅವರನ್ನು ಸೇರಿಸಿಕೊಂಡು, ಕೊನೆಗೆ ಪಿಂಕ್ ಫ್ಲಾಯ್ಡ್ ಆಯಿತು. 1968ರಲ್ಲಿ ಬ್ಯಾರೆಟ್ ಹೊರನಡೆದರು. 1979ರ 'ದ ವಾಲ್' ಆಲ್ಬಮ್ ತಯಾರಾಗುವ ಹೊತ್ತಿಗೆ ರೈಟ್ ಅವರನ್ನು ಹೊರಗೆ ಕಳಿಸಲಾಯಿತು. 1985ರಲ್ಲಿ ವಾಟರ್ಸ್ ಬಿಟ್ಟರು. 1967ರಿಂದ 2014ರವರೆಗೆ ಬಂದ 15 ಸ್ಟುಡಿಯೊ ಆಲ್ಬಮ್‌ಗಳಲ್ಲೂ ಸದಸ್ಯರಾಗಿ ಹೆಸರಿರುವುದು ಮೇಸನ್ ಒಬ್ಬರದೇ.

ಅವರನ್ನು ಅಳೆಯಲು ಬಳಸಿದ ಅಳತೆಗೋಲಿನಲ್ಲೇ ತೊಡಕಿದೆ. ಪ್ರೋಗ್ರೆಸಿವ್ ರಾಕ್ ಎಂಬ ಪ್ರಕಾರ ಬೆಳೆದ ಎಪ್ಪತ್ತರ ದಶಕದಲ್ಲಿ ಡ್ರಮ್ಮರ್ ಎಂದರೆ ಬೆರಗು ಹುಟ್ಟಿಸಬೇಕಿತ್ತು. ಯೆಸ್ ಮತ್ತು ಕಿಂಗ್ ಕ್ರಿಮ್ಸನ್ ತಂಡಗಳಲ್ಲಿ ಬಿಲ್ ಬ್ರೂಫರ್ಡ್, ಎಮರ್ಸನ್ ಲೇಕ್ ಅಂಡ್ ಪಾಮರ್‌ನಲ್ಲಿ ಕಾರ್ಲ್ ಪಾಮರ್, ಜೆನೆಸಿಸ್‌ನಲ್ಲಿ ಫಿಲ್ ಕಾಲಿನ್ಸ್, ಮುಂದೆ ರಶ್ ತಂಡದಲ್ಲಿ ನೀಲ್ ಪಿಯರ್ಟ್. ಇವರೆಲ್ಲ ಅಸಾಮಾನ್ಯ ವಾದಕರು, ಅದರಲ್ಲಿ ಅನುಮಾನವೇ ಇಲ್ಲ. ಅವರ ತಂಡಗಳ ಸಂಗೀತವೂ ಅಂಥದ್ದೇ: ಕ್ಷಣಕ್ಕೊಮ್ಮೆ ಮಾತ್ರೆ ಬದಲು, ಓಡುವ ಸ್ವರಗಳು, ಅದರ ಹಿಂದೆಯೇ ಓಡುವ ಡ್ರಮ್ಸ್. ಪಿಂಕ್ ಫ್ಲಾಯ್ಡ್ ಸಂಗೀತ ನಡೆದ ದಾರಿ ಬೇರೆ. 'ಬ್ರೀದ್', 'ಕಂಫರ್ಟಬ್ಲಿ ನಂಬ್' ಮೊದಲಾದ ಅವರ ಹೆಸರಾಂತ ಹಾಡುಗಳು ನಿಮಿಷಕ್ಕೆ 60ರ ಆಸುಪಾಸಿನ ಪೆಟ್ಟುಗಳಲ್ಲಿ ಸಾಗುತ್ತವೆ. ಅಷ್ಟು ನಿಧಾನದಲ್ಲಿ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಬಹಳ ಜಾಗ ಉಳಿಯುತ್ತದೆ. ಆ ಜಾಗ ತುಂಬಲು ಕೈ ತುಡಿಯುತ್ತದೆ. ತುಂಬಿದರೆ ಹಾಡು ಕೆಡುತ್ತದೆ, ತುಂಬದೆ ಬಿಟ್ಟರೆ ಲಯ ಕುಸಿಯುವ ಭಯ.

ವಿಳಂಬಿತ ಖಯಾಲಿಗೆ ತಬಲಾ ಹಿಡಿದು ಕೂತವರಿಗೆ ಈ ಕಷ್ಟ ಗೊತ್ತು. ಧಾರವಾಡದ ಕಡೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಯಕರು ರಾಗದ ಒಳಗೆ ಎಷ್ಟೇ ದೂರ ಹೋಗಲಿ, ಠೇಕಾ ಹಿಡಿದವರು ಅಳ್ಳಾಡದೆ ಕೂತಿರಬೇಕು. ಅಂಥ ಕಛೇರಿಯಲ್ಲಿ ತಬಲಾ ವಾದಕರನ್ನು ಅವರು ಹೊಡೆದ ಪೆಟ್ಟುಗಳ ಎಣಿಕೆಯಿಂದ ಯಾರೂ ಅಳೆಯುವುದಿಲ್ಲ. ಮೇಸನ್ ಅವರಿಗೆ ಮಾತ್ರ ಐವತ್ತು ವರ್ಷಗಳಿಂದ ಆ ಎಣಿಕೆಯೇ ಅಳತೆ.

ಆರಂಭದ ಒಂದು ರಚನೆಯಿಂದಲೇ ನೋಡಬಹುದು. 1968ರ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಆಲ್ಬಮ್‌ನಲ್ಲಿ 'ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್' ಎಂಬ ಹಾಡಿದೆ. ಬರೆದವರು ವಾಟರ್ಸ್. ಹಾಡುವ ಧ್ವನಿ ಪಿಸುಮಾತಿನಷ್ಟು ಸಣ್ಣದು, ಬೇಸ್ ಗಿಟಾರ್ ಒಂದೇ ಸಾಲನ್ನು ಸುತ್ತುತ್ತದೆ. ಹಾಡನ್ನು ಮುಂದಕ್ಕೆ ಒಯ್ಯುವುದು ಡ್ರಮ್ಸ್. ಇಲ್ಲಿ ಮೇಸನ್ ಮಾಮೂಲಿ ಕೋಲುಗಳನ್ನು ಬಿಟ್ಟು ಮೆತ್ತನೆ ತಲೆಯ ಕೋಲುಗಳಿಂದ ಟಾಮ್ ಡ್ರಮ್‌ಗಳನ್ನು ನುಡಿಸುತ್ತಾರೆ. ಸ್ನೇರ್‌ನ ಚುರುಕು ಸದ್ದು, ಸಿಂಬಲ್‌ನ ಝಣತ್ಕಾರ ಹಿಂದೆ ಸರಿಯುತ್ತವೆ. 1958ರ ನ್ಯೂಪೋರ್ಟ್ ಜಾಝ್ ಉತ್ಸವದ ಸಾಕ್ಷ್ಯಚಿತ್ರ 'ಜಾಝ್ ಆನ್ ಎ ಸಮ್ಮರ್ಸ್ ಡೇ'ಯಲ್ಲಿ ಚಿಕೊ ಹ್ಯಾಮಿಲ್ಟನ್ ಇದೇ ಬಗೆಯ ಕೋಲುಗಳಿಂದ ನುಡಿಸಿದ್ದನ್ನು ನೋಡಿ ಕಲಿತದ್ದು ಎಂದು ಮೇಸನ್ 2004ರ ತಮ್ಮ ಪುಸ್ತಕ 'ಇನ್‌ಸೈಡ್ ಔಟ್'ನಲ್ಲಿ ನೆನೆದಿದ್ದಾರೆ. ರಾಕ್ ತಂಡವೊಂದರ ಇಪ್ಪತ್ತರ ಹರೆಯದ ಹುಡುಗ ಜಾಝ್‌ನಿಂದ ವೇಗವನ್ನು ಎತ್ತಿಕೊಳ್ಳದೆ ಮೆಲುದನಿಯನ್ನು ಎತ್ತಿಕೊಂಡದ್ದು ಗಮನಿಸಬೇಕಾದ ಸಂಗತಿ. ಆ ತಂಡದ ಸಂಗೀತ ಮುಂದೆ ಹಿಡಿದ ದಿಕ್ಕು ಆ ಆಯ್ಕೆಯಲ್ಲೇ ಕಾಣುತ್ತದೆ.

1970ರ 'ಆಟಮ್ ಹಾರ್ಟ್ ಮದರ್' ಕಥೆ ಇನ್ನೂ ಕಠಿಣ. ಆ ಆಲ್ಬಮ್‌ನ ಒಂದು ಬದಿಯನ್ನು ಪೂರ್ತಿ ಆಕ್ರಮಿಸಿದ ಶೀರ್ಷಿಕೆ ರಚನೆ 23 ನಿಮಿಷಕ್ಕೂ ಹೆಚ್ಚು. ಇಎಂಐ ಸ್ಟುಡಿಯೊಗೆ ಆಗಷ್ಟೇ ಹೊಸ ಎಂಟು ಟ್ರ್ಯಾಕ್‌ನ ಯಂತ್ರ ಬಂದಿತ್ತು. ಅದರ ಟೇಪನ್ನು ಕತ್ತರಿಸಿ ಜೋಡಿಸಬಾರದು ಎಂಬ ಕಟ್ಟಪ್ಪಣೆಯೂ ಇತ್ತು. ಪರಿಣಾಮ, ವಾಟರ್ಸ್ ಮತ್ತು ಮೇಸನ್ ಇಬ್ಬರೇ ಕೂತು ಇಡೀ ರಚನೆಯ ಬೇಸ್ ಮತ್ತು ಡ್ರಮ್ಸನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ನುಡಿಸಬೇಕಾಯಿತು. ಮೇಲೆ ಸ್ವರವಿಲ್ಲ, ಹಾಡಿಲ್ಲ, ಕಿವಿಗೆ ದಾರಿ ತೋರುವ ಮತ್ತೊಂದು ವಾದ್ಯವಿಲ್ಲ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಇಬ್ಬರೂ ಹೆಣಗಿದರು. ವೇಗ ಅಲ್ಲಲ್ಲಿ ಏರುಪೇರಾಯಿತು, ಹಿತ್ತಾಳೆ ವಾದ್ಯಗಳನ್ನೂ ವೃಂದಗಾನವನ್ನೂ ಅದರ ಮೇಲೆ ಕೂರಿಸಬೇಕಾದ ರಾನ್ ಗೀಸಿನ್ ಅವರಿಗೆ ಅದು ಕಷ್ಟವನ್ನೂ ಕೊಟ್ಟಿತು. ಹಾಗಿದ್ದೂ ಆ ಇಡೀ ಕಟ್ಟಡ ನಿಂತಿರುವುದು ಆ ಒಂದು ಸಲದ ನುಡಿಸಾಣಿಕೆಯ ಮೇಲೆಯೇ. ಇಂದಿನ ಕಂಪ್ಯೂಟರ್ ಸ್ಟುಡಿಯೊಗಳಲ್ಲಿ ನಾಲ್ಕು ಪೆಟ್ಟು ತಪ್ಪಿದರೆ ಎಳೆದು ಸರಿಪಡಿಸಬಹುದು. ಅಂದು 23 ನಿಮಿಷದ ಕೊನೆಯಲ್ಲಿ ಎಡವಿದ್ದರೆ ಮತ್ತೆ ಮೊದಲಿನಿಂದ.

ಸುಮ್ಮನಿರುವುದೂ ವಾದನದ ಭಾಗ ಎಂಬುದಕ್ಕೆ 1975ರ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಾಲ್ಕು ನಿಮಿಷ ಕಳೆಯುವವರೆಗೆ ಅಲ್ಲಿ ಡ್ರಮ್ಸ್ ಇಲ್ಲ. ರೈಟ್ ಅವರ ಕೀಬೋರ್ಡ್ ಹರಡುತ್ತದೆ, ಗಿಲ್ಮೋರ್ ಗಿಟಾರ್ ಅದರ ಮೇಲೆ ತೇಲುತ್ತದೆ, ನಂತರ ನಾಲ್ಕೇ ನಾಲ್ಕು ಸ್ವರಗಳು ಮತ್ತೆ ಮತ್ತೆ ಕೇಳುತ್ತವೆ. ಆಮೇಲೆ ಮೇಸನ್ ಒಳಬರುತ್ತಾರೆ. ಅಲ್ಲಿಯವರೆಗೆ ತೂಕವಿಲ್ಲದೆ ತೇಲುತ್ತಿದ್ದ ಸಂಗೀತಕ್ಕೆ ನೆಲ ಸಿಗುವುದು ಆಗಲೇ. ಒಳಬಂದ ಮೇಲೂ ಅವರು ನುಡಿಸುವುದು ಸರಳವಾದ, ಭಾರವಾದ ನಡೆ. ಟಾಮ್‌ಗಳ ಮೇಲೆ ಉರುಳುವ ಫಿಲ್‌ಗಳು, ಅಂದರೆ ಸಾಲುಗಳ ನಡುವೆ ಬರುವ ಸಣ್ಣ ಗುಚ್ಛಗಳು, ಕೂಡ ಅವಸರವಿಲ್ಲದೆ ಬಂದು ಸಿಂಬಲ್‌ನಲ್ಲಿ ಮುಗಿಯುತ್ತವೆ. ಬೇರೆ ಯಾವುದೇ ಪ್ರೋಗ್ರೆಸಿವ್ ತಂಡದ ಡ್ರಮ್ಮರ್ ಅಷ್ಟು ಹೊತ್ತು ಕೈಕಟ್ಟಿ ಕೂರುತ್ತಿದ್ದರೇ? ಅನುಮಾನ.

'ದ ಡಾರ್ಕ್ ಸೈಡ್ ಆಫ್ ದ ಮೂನ್' 1973ರ ಮಾರ್ಚ್‌ನಲ್ಲಿ ಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರವರೆಗೆ ಒಟ್ಟು 741 ವಾರ ಉಳಿದ ಈ ಆಲ್ಬಮ್‌ನ 4.5 ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿವೆ ಎಂಬ ಅಂದಾಜಿದೆ. ಸೂಜಿ ಇಟ್ಟೊಡನೆ ಕೇಳುವ ಮೊದಲ ಸದ್ದು ಎದೆಬಡಿತ. ಆಸ್ಪತ್ರೆಯಲ್ಲಿ ದಾಖಲಿಸಿದಂಥ ನಿಜವಾದ ಎದೆಬಡಿತ ಕೇಳುಗರಲ್ಲಿ ಕಳವಳ ಹುಟ್ಟಿಸುವಂತಿದ್ದುದರಿಂದ ಅದನ್ನು ಕೈಬಿಟ್ಟು, ಬೇಸ್ ಡ್ರಮ್ಮನ್ನು ಮೆತ್ತಗೆ ಬಾರಿಸಿ ಆ ಸದ್ದನ್ನು ತಯಾರಿಸಿದರು. ಅಲ್ಲಿಂದ ಗಡಿಯಾರ, ನಗು, ಕಿರುಚಾಟ, ನಗದುಯಂತ್ರದ ಸದ್ದು ಒಂದರ ಮೇಲೊಂದು ಏರುತ್ತವೆ. ಮುಂದಿನ ಹಾಡುಗಳಲ್ಲಿ ಬರಲಿರುವುದೆಲ್ಲ ಒಂದು ನಿಮಿಷದಲ್ಲಿ ಮುನ್ಸೂಚನೆಯಾಗಿ ಬಂದುಹೋಗುತ್ತದೆ. 'ಸ್ಪೀಕ್ ಟು ಮಿ' ಎಂಬ ಈ ಪ್ರವೇಶಿಕೆಯ ಕರ್ತೃವಾಗಿ ನಮೂದಾಗಿರುವುದು ಮೇಸನ್ ಒಬ್ಬರ ಹೆಸರು. ಅದು ತಾವು ಕೊಟ್ಟ ಉಡುಗೊರೆ ಎಂದು ವಾಟರ್ಸ್ ಮುಂದೆ ಹೇಳಿದ್ದುಂಟು. ಆ ಮಾತು ಎಷ್ಟು ನಿಜ ಎಂಬ ತಗಾದೆ ಹೇಗೇ ಬಗೆಹರಿಯಲಿ, ಆ ಆಲ್ಬಮ್ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಅಂದರೆ ಎರಡೂ ತುದಿಗಳಲ್ಲಿ ಇರುವುದು ಡ್ರಮ್.

'ಮನಿ' ಹಾಡಿನ ಆರಂಭದ ನಾಣ್ಯಗಳ ಸದ್ದಿಗೂ ಅವರ ಕೈ ತಗುಲಿದೆ. ಹಳೆಯ ಪೆನ್ನಿಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿ ಅಲುಗಿಸಿದ್ದು ಮೇಸನ್. ವಾಟರ್ಸ್ ತಮ್ಮ ಪತ್ನಿ ಮಡಕೆ ಕೆಲಸಕ್ಕೆ ಬಳಸುತ್ತಿದ್ದ ಬೋಗುಣಿಯಲ್ಲಿ ನಾಣ್ಯಗಳನ್ನು ತಿರುಗಿಸಿ ಸದ್ದು ಹಿಡಿದರು. ಕಾಗದ ಹರಿಯುವ ಸದ್ದು, ನಗದುಯಂತ್ರದ ಸದ್ದು ಸೇರಿ ಒಟ್ಟು ಏಳು. ಪ್ರತಿಯೊಂದು ಸದ್ದಿನ ಟೇಪನ್ನೂ ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಅಂಟಿಸಿ, ಸುತ್ತು ಹಾಕಿದರು. ಲಯವನ್ನು ಇಂಚುಗಳಲ್ಲಿ ಅಳೆದ ಕೆಲಸ ಇದು. ವಾಸ್ತುಶಿಲ್ಪದ ತರಗತಿಯಲ್ಲಿ ನಕ್ಷೆ ಎಳೆದ ಇಬ್ಬರು ಇದನ್ನು ಮಾಡಿದ್ದು ಸಹಜವೇ.

ಹಾಡಿನ ನಡೆಯೂ ಏಳರದ್ದೇ. ಮಿಶ್ರ ಚಾಪು ಕೇಳಿ ಬೆಳೆದ ಕಿವಿಗೆ ಏಳರ ಎಣಿಕೆ ವಿಶೇಷವೆನಿಸದು; ನಾಲ್ಕರಲ್ಲೇ ಕುಣಿಯುವ ರಾಕ್ ಕೇಳುಗರಿಗೆ ಅದು ಕುಂಟಿದಂತೆ ಕೇಳುವ ಅಪಾಯವಿತ್ತು. ಮೇಸನ್ ಅದನ್ನು ಕುಂಟಲು ಬಿಡಲಿಲ್ಲ. ಸ್ಯಾಕ್ಸೊಫೋನ್ ವಾದಕ ಡಿಕ್ ಪ್ಯಾರಿ ಏಳರಲ್ಲೇ ತಮ್ಮ ಸರದಿ ಮುಗಿಸುತ್ತಾರೆ. ಗಿಲ್ಮೋರ್ ಗಿಟಾರ್ ಸರದಿ ಬಂದಾಗ ಹಾಡು ನಾಲ್ಕಕ್ಕೆ ಹೊರಳಿ ಓಡತೊಡಗುತ್ತದೆ. ಮಧ್ಯೆ ಸದ್ದೆಲ್ಲ ಒಣಗಿ, ಕುಗ್ಗಿ, ಕಿವಿಯ ಪಕ್ಕದಲ್ಲೇ ನುಡಿಸಿದಂತಾಗುತ್ತದೆ. ಮತ್ತೆ ಒಮ್ಮೆಲೇ ಭೋರ್ಗರೆಯುತ್ತದೆ. ಕೊನೆಗೆ ಏಳಕ್ಕೆ ಮರಳುತ್ತದೆ. ಈ ಪ್ರತಿಯೊಂದು ತಿರುವನ್ನೂ ಕೇಳುಗರಿಗೆ ಗೊತ್ತಾಗದಂತೆ ದಾಟಿಸಿದ್ದು ಡ್ರಮ್ಮರ್. ಏಳರ ಎಣಿಕೆಯ ಈ ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಏರಿತು, ರೇಡಿಯೊದಲ್ಲಿ ದಿನಬೆಳಗಾದರೆ ಕೇಳಿಸಿತು, ಜನ ಎಣಿಸದೆಯೇ ತಲೆದೂಗಿದರು. ಎಣಿಸುವ ಕಷ್ಟ ಕೇಳುಗರಿಗೆ ತಟ್ಟದ ಹಾಗೆ ನೋಡಿಕೊಂಡದ್ದಕ್ಕೇ ಶ್ರೇಯ ತಪ್ಪಿತು ಎನ್ನಬೇಕು. ಕಷ್ಟವನ್ನು ಎತ್ತಿ ತೋರಿಸಿದ್ದರೆ ಹೊಗಳುವವರು ಇರುತ್ತಿದ್ದರು.

ಇನ್ನು 'ಟೈಮ್'. ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿ ನಿಂತ ಮೇಲೆ ಹಾಡಿನ ಮೊದಲ ಸಾಲು ಬರುವವರೆಗೆ ಸುಮಾರು ಎರಡು ನಿಮಿಷದ ಹಾದಿ ಇದೆ. ಕೆಳಗೆ ಟಿಕ್ ಟಿಕ್, ಆಗಾಗ ಗಿಟಾರ್ ಮತ್ತು ಬೇಸ್‌ನ ಒಂದು ದಪ್ಪ ಸ್ವರ, ಹಿಂದೆ ಕೀಬೋರ್ಡ್‌ನ ನೆರಳು. ಮುಂದೆ ನಿಂತು ಮಾತಾಡುವುದು ರೋಟೋಟಾಮ್‌ಗಳು. ತಿರುಗಿಸಿದರೆ ಶ್ರುತಿ ಬದಲಾಗುವ ಸಣ್ಣ ಡ್ರಮ್‌ಗಳಿವು. ಮೇಸನ್ ಇಲ್ಲಿ ಅವುಗಳಿಂದ ಸ್ವರ ಹೊರಡಿಸುತ್ತಾರೆ: ಹಿನ್ನೆಲೆಯ ಸ್ವರ ಬದಲಾದಂತೆ ಡ್ರಮ್‌ನ ಪ್ರಶ್ನೆಯೂ ಬದಲಾಗುತ್ತದೆ, ನಡುವೆ ಮೌನ ಬರುತ್ತದೆ, ಮೌನದ ನಂತರ ಇನ್ನೊಂದು ಸಣ್ಣ ಗುಚ್ಛ. ವೇಗವಿಲ್ಲ, ಚಮತ್ಕಾರವಿಲ್ಲ. ರಾಕ್ ಸಂಗೀತದಲ್ಲಿ ಡ್ರಮ್ ಸೋಲೊ ಎಂದರೆ ಹತ್ತು ಹನ್ನೆರಡು ನಿಮಿಷ ಬೆವರು ಹರಿಸುವುದು ಎಂದಾಗಿದ್ದ ಕಾಲದಲ್ಲಿ, ಕೋಟ್ಯಂತರ ಜನ ಬಾಯಿಪಾಠ ಮಾಡಿಕೊಂಡ ಡ್ರಮ್ ಸೋಲೊ ಒಂದಿದ್ದರೆ ಅದು ಇದೇ. ಅದನ್ನು ಸೋಲೊ ಎಂದು ಕರೆಯುವವರೇ ಇಲ್ಲ. ಈ ಆಲ್ಬಮ್‌ನಲ್ಲಿ ನಾಲ್ವರ ಹೆಸರೂ ಕರ್ತೃಗಳಾಗಿ ಒಟ್ಟಿಗೆ ಇರುವ ಏಕೈಕ ಹಾಡು 'ಟೈಮ್' ಎಂಬುದೂ ಇಲ್ಲಿ ನೆನಪಿಡಬೇಕಾದ ಮಾತು.

ಈ ಗುಚ್ಛಗಳು ಎಷ್ಟು ಗಟ್ಟಿಯಾಗಿ ನಿಂತಿವೆ ಎಂಬುದನ್ನು ಬೆಂಗಳೂರಿನ ರಾಕ್ ಪ್ರಿಯರು ಕಣ್ಣಾರೆ ಕಂಡಿದ್ದಾರೆ. 2002ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ರೋಜರ್ ವಾಟರ್ಸ್ ಹಾಡಿದಾಗ ಡ್ರಮ್ಸ್ ಹಿಂದೆ ಕೂತಿದ್ದವರು ಗ್ರಹಾಂ ಬ್ರಾಡ್. ವಾಟರ್ಸ್ ಅವರ ಪ್ರವಾಸಗಳಿರಲಿ, ಊರೂರಿನ ಕಾಲೇಜು ಹಬ್ಬಗಳಲ್ಲಿ ಪಿಂಕ್ ಫ್ಲಾಯ್ಡ್ ಹಾಡುವ ಹುಡುಗರ ತಂಡಗಳಿರಲಿ, ಡ್ರಮ್ಮರ್ ಯಾರೇ ಆದರೂ 'ಟೈಮ್' ಬಂದಾಗ ಅವೇ ಗುಚ್ಛಗಳನ್ನು ಅದೇ ಕ್ರಮದಲ್ಲಿ ನುಡಿಸಬೇಕು. 'ಕಂಫರ್ಟಬ್ಲಿ ನಂಬ್'ನ ಫಿಲ್‌ಗಳಿಗೂ ಇದೇ ಕಟ್ಟುಪಾಡು. ಬದಲಿಸಿದರೆ ಜನ ಒಪ್ಪುವುದಿಲ್ಲ. ಹೀಗೆ ಬದಲಿಸಲಾಗದಷ್ಟು ಗಟ್ಟಿಯಾಗಿ ನಿಂತದ್ದನ್ನು ಪಕ್ಕವಾದ್ಯ ಎಂದು ಬದಿಗಿಡುವುದು ಅನ್ಯಾಯ. ಅದು ರಚನೆ.

ವಿರುದ್ಧ ವಾದಕ್ಕೂ ಆಧಾರಗಳಿವೆ, ಅವನ್ನು ಮುಚ್ಚಿಡಬೇಕಿಲ್ಲ. 1968ರಲ್ಲಿ ಹೊರಬಂದ 'ರಿಮೆಂಬರ್ ಎ ಡೇ' ಹಾಡಿನ ಡ್ರಮ್ಸ್ ಮೇಸನ್ ಅವರ ಕೈಗೆ ಕೂರಲಿಲ್ಲ. ನಿರ್ಮಾಪಕ ನಾರ್ಮನ್ ಸ್ಮಿತ್ ತಾವೇ ಕೂತು ನುಡಿಸಿದರು. 1979ರ 'ದ ವಾಲ್'ನಲ್ಲಿ 'ಮದರ್' ಹಾಡು ಸಾಹಿತ್ಯದ ಜೊತೆಗೇ ಮಾತ್ರೆಗಳನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಸಾಗುತ್ತದೆ. ಅದೂ ಮೇಸನ್‌ಗೆ ಒಗ್ಗಲಿಲ್ಲ. ಟೋಟೊ ತಂಡದ ಜೆಫ್ ಪೊರ್ಕಾರೊ ಬಂದು ನುಡಿಸಿದರು. 1983ರ 'ದ ಫೈನಲ್ ಕಟ್'ನ ಕೊನೆಯ ಹಾಡಿಗೆ ಆಂಡಿ ನ್ಯೂಮಾರ್ಕ್ ಬಂದರು. ತಾಂತ್ರಿಕವಾಗಿ ಮೇಸನ್‌ಗೆ ಮಿತಿಗಳಿದ್ದವು, ಅವರು ಅದನ್ನು ಎಂದೂ ಅಲ್ಲಗಳೆದಿಲ್ಲ. ಆದರೆ ಐದು ದಶಕದಲ್ಲಿ ಬೆರಳೆಣಿಕೆಯ ಈ ಹಾಡುಗಳನ್ನೇ ಹಿಡಿದು ಉಳಿದ ಕೆಲಸವನ್ನೆಲ್ಲ ತಳ್ಳಿಹಾಕುವುದು ವಿಮರ್ಶೆಯಲ್ಲ. ಅದೇ 'ದ ವಾಲ್'ನ 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗವನ್ನು ನೋಡಿ. ಡಿಸ್ಕೊ ನಡೆಯನ್ನು ಸೂಚಿಸಿದ್ದು ನಿರ್ಮಾಪಕ ಬಾಬ್ ಎಜ್ರಿನ್. ಒಂದೇ ಚರಣದಷ್ಟಿದ್ದ ಹಾಡಿನ ಟೇಪನ್ನು ನಕಲು ಮಾಡಿ ಜೋಡಿಸಿ ಉದ್ದ ಮಾಡಿ, ಮಕ್ಕಳ ದನಿಗೆ ಜಾಗ ಮಾಡಿದ್ದೂ ಅವರೇ. ಹಾಗೆ ಕತ್ತರಿಸಿ ಜೋಡಿಸಿದರೂ ಹೊಲಿಗೆ ಕಾಣದಷ್ಟು ಸಮನಾಗಿ ನುಡಿಸಿದ್ದು ಮೇಸನ್. ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿದ ಆ ಹಾಡಿನ ಕಾಲುಭಾಗ ಸಾಹಿತ್ಯದ್ದಾದರೆ ಇನ್ನೊಂದು ಕಾಲುಭಾಗ ಆ ನಡೆಯದ್ದು.

ಈಗ ಆ ಬದಲಾದ ಆಲ್ಬಮ್‌ನ ವಿಷಯ. 1987ರಲ್ಲಿ, ವಾಟರ್ಸ್ ಹೋದ ನಂತರ, ಗಿಲ್ಮೋರ್ ನಾಯಕತ್ವದಲ್ಲಿ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಹೊರಬಂತು. ಅಭ್ಯಾಸ ತಪ್ಪಿ ಆತ್ಮವಿಶ್ವಾಸ ಕಳೆದುಕೊಂಡಿದ್ದ ಮೇಸನ್ ಅದರಲ್ಲಿ ನುಡಿಸಿದ್ದು ಬಹಳ ಕಡಿಮೆ. ಡ್ರಮ್ ಯಂತ್ರಗಳನ್ನು ಬಳಸಿದರು; ಜೊತೆಗೆ ಜಿಮ್ ಕೆಲ್ಟ್ನರ್ ಮತ್ತು ಕಾರ್ಮೈನ್ ಅಪಿಸ್‌ರಂಥ ಘಟಾನುಘಟಿಗಳನ್ನು ಕರೆಸಿದರು. ಕೌಶಲದ ಲೆಕ್ಕದಲ್ಲಿ ಮೇಸನ್‌ಗಿಂತ ಅವರು ಒಂದು ಕೈ ಮೇಲೆ. ಫಲಿತಾಂಶ ಮಾತ್ರ ಪಿಂಕ್ ಫ್ಲಾಯ್ಡ್‌ನಂತೆ ಕೇಳಲಿಲ್ಲ. ಎಂಬತ್ತರ ದಶಕದ ಯಾವುದೇ ದುಬಾರಿ ಆಲ್ಬಮ್‌ನಂತೆ ಡ್ರಮ್ಸ್ ಗಟ್ಟಿಯಾಗಿ, ಹೊಳಪಾಗಿ, ಎಲ್ಲ ಕಡೆಯೂ ಒಂದೇ ತೂಕದಲ್ಲಿ ಬಡಿದವು. ಗಿಟಾರ್ ಅದೇ ಗಿಲ್ಮೋರ್ ಅವರದು, ಧ್ವನಿಯೂ ಅದೇ. ಉಸಿರಾಡುವ ಜಾಗ ಮಾತ್ರ ಮಾಯವಾಗಿತ್ತು.

ಅದು ತಂಡಕ್ಕೂ ಗೊತ್ತಿತ್ತು. 2019ರಲ್ಲಿ 'ದ ಲೇಟರ್ ಇಯರ್ಸ್' ಎಂಬ ದೊಡ್ಡ ಸಂಪುಟ ತರುವಾಗ ಈ ಆಲ್ಬಮ್ಮನ್ನು ಬಿಚ್ಚಿ ಮತ್ತೆ ಕಟ್ಟಿದರು. ರೈಟ್ ಆಗ ಬದುಕಿರಲಿಲ್ಲ. ಅವರ ಕೀಬೋರ್ಡ್ ವಾದನವನ್ನು ಹಳೆಯ ಕಛೇರಿಗಳ ಧ್ವನಿಮುದ್ರಣಗಳಿಂದ ತಂದು ಸೇರಿಸಿದರು. ಡ್ರಮ್ಸ್ ಭಾಗವನ್ನು ಎಪ್ಪತ್ತು ದಾಟಿದ ಮೇಸನ್ ಹೊಸದಾಗಿ ನುಡಿಸಿದರು. ಅವೇ ಹಾಡುಗಳು, ಎರಡು ಬಗೆಯ ಡ್ರಮ್ಸ್. ಸಂಗೀತದಲ್ಲಿ ಇಷ್ಟು ನೇರವಾದ ಪರೀಕ್ಷೆ ಸಿಗುವುದು ಅಪರೂಪ. ಕುತೂಹಲ ಇರುವವರು ಎರಡೂ ಆವೃತ್ತಿಗಳಲ್ಲಿ 'ಸಾರೋ' ಹಾಡನ್ನು ಒಂದರ ಹಿಂದೊಂದು ಕೇಳಬಹುದು. ಹೊಸದರಲ್ಲಿ ಸದ್ದು ಕಡಿಮೆ, ಹರವು ಹೆಚ್ಚು. ಗಿಟಾರ್ ಹಿಂದೆಂದಿಗಿಂತ ದೊಡ್ಡದಾಗಿ ಕೇಳುತ್ತದೆ. ಮೂವತ್ತೆರಡು ವರ್ಷಗಳ ನಂತರ, ದುಡ್ಡು ಖರ್ಚು ಮಾಡಿ, ಪ್ರಖ್ಯಾತ ವಾದಕರ ಕೆಲಸದ ಜಾಗಕ್ಕೆ 'ಸಾಧಾರಣ' ವಾದಕರ ಕೆಲಸವನ್ನು ತಂದು ಕೂರಿಸಲು ತಂಡವೇ ತೀರ್ಮಾನಿಸಿತು ಎಂಬುದಕ್ಕಿಂತ ಬಲವಾದ ಸಾಕ್ಷ್ಯ ಈ ಚರ್ಚೆಯಲ್ಲಿ ಬೇರೆ ಇಲ್ಲ.

ತಂಡದ ಹೊರಗೂ ಅವರ ಕಿವಿಯನ್ನು ನಂಬಿದವರಿದ್ದರು. ಹಿಂದೆ ಸಾಫ್ಟ್ ಮಷೀನ್ ತಂಡದ ಡ್ರಮ್ಮರ್ ಆಗಿದ್ದ ರಾಬರ್ಟ್ ವ್ಯಾಟ್ 1973ರ ಜೂನ್‌ನಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅವರ ನೆರವಿಗೆ ಪಿಂಕ್ ಫ್ಲಾಯ್ಡ್ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಕಛೇರಿ ನಡೆಸಿತು. ಮರುವರ್ಷ ವ್ಯಾಟ್ ಗಾಲಿಕುರ್ಚಿಯಲ್ಲಿ ಕೂತು ಮಾಡಿದ 'ರಾಕ್ ಬಾಟಮ್' ಆಲ್ಬಮ್ಮನ್ನು ನಿರ್ಮಿಸಿಕೊಟ್ಟವರು ಮೇಸನ್. ಡ್ರಮ್ಸ್ ಕಾಲಿನ ಪೆಡಲ್ ಇನ್ನು ತುಳಿಯಲಾಗದ ಒಬ್ಬ ಡ್ರಮ್ಮರ್ ತನ್ನ ಸಂಗೀತವನ್ನು ಹೊಸದಾಗಿ ಕಂಡುಕೊಳ್ಳುವಾಗ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್ ಇದ್ದ. ಬ್ರಿಟಿಷ್ ಸಂಗೀತದ ಅತ್ಯುತ್ತಮ ಆಲ್ಬಮ್‌ಗಳ ಸಾಲಿನಲ್ಲಿ ಇಂದಿಗೂ ಅದನ್ನು ಹೆಸರಿಸುತ್ತಾರೆ. ಪ್ರೋಗ್ರೆಸಿವ್ ರಾಕನ್ನು ಹೀಯಾಳಿಸುತ್ತಲೇ ಹುಟ್ಟಿದ ಪಂಕ್ ಪೀಳಿಗೆಯ ದ ಡ್ಯಾಮ್ಡ್ ತಂಡದ ಎರಡನೇ ಆಲ್ಬಮ್ ನಿರ್ಮಾಪಕರೂ ಮೇಸನ್ ಅವರೇ, 1977ರಲ್ಲಿ.

ಮೇಸನ್ ಅವರ ಹೆಸರು ಹಗುರವಾಗಲು ಕಾರುಗಳೂ ಕಾರಣ. 1979 ಮತ್ತು 1984ರ ನಡುವೆ ಅವರು ಫ್ರಾನ್ಸಿನ ಲಮಾನ್ಸ್ 24 ಗಂಟೆಯ ರೇಸಿನಲ್ಲಿ ಐದು ಸಲ ಓಡಿಸಿದರು. ಎಪ್ಪತ್ತರ ದಶಕದಲ್ಲೇ ಕೊಂಡ ಫೆರಾರಿ 250 ಜಿಟಿಒ ಅವರ ಬಳಿ ಇದೆ. ಪತ್ರಿಕೆಗಳಿಗೆ ಆ ಕಾರಿನ ಬೆಲೆ ಬರೆಯುವುದು ರೋಟೋಟಾಮ್ ಬಗ್ಗೆ ಬರೆಯುವುದಕ್ಕಿಂತ ಸುಲಭವಾಯಿತು.

2018ರಲ್ಲಿ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಅವರು 'ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಎಂಬ ಹೊಸ ತಂಡ ಕಟ್ಟಿದರು. ಗ್ಯಾರಿ ಕೆಂಪ್, ಗೈ ಪ್ರ್ಯಾಟ್, ಲೀ ಹ್ಯಾರಿಸ್, ಡಾಮ್ ಬೆಕೆನ್ ಜೊತೆಗಾರರು. 'ಡಾರ್ಕ್ ಸೈಡ್'ಗಿಂತ ಹಿಂದಿನ ಹಾಡುಗಳನ್ನು ಮಾತ್ರ ನುಡಿಸುವುದು ಎಂಬ ನಿರ್ಧಾರ ಧೈರ್ಯದ್ದು, ಏಕೆಂದರೆ ಟಿಕೆಟ್ ಮಾರುವ ಹಾಡುಗಳೆಲ್ಲ ಆಮೇಲಿನವು. ಜನ ಬಂದರು. 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬೀಕನ್ ಥಿಯೇಟರ್‌ನಲ್ಲಿ ವಾಟರ್ಸ್ ವೇದಿಕೆಗೆ ಬಂದು 'ಸೆಟ್ ದ ಕಂಟ್ರೋಲ್ಸ್' ಹಾಡಿದರು. ಗಿಲ್ಮೋರ್ ಜೊತೆ ದಶಕಗಳಿಂದ ಜಗಳವಾಡುತ್ತಿರುವ ವಾಟರ್ಸ್ ಮೇಸನ್ ಅವರ ಕರೆಗೆ ಬರುತ್ತಾರೆ. 2022ರಲ್ಲಿ ಯುಕ್ರೇನ್‌ಗಾಗಿ 'ಹೇ ಹೇ ರೈಸ್ ಅಪ್' ಮಾಡುವಾಗ ಗಿಲ್ಮೋರ್ ಕರೆದದ್ದೂ ಮೇಸನ್ ಅವರನ್ನೇ. ಇದಕ್ಕೆ ಅವರ ಸೌಜನ್ಯವೇ ಕಾರಣ ಎಂದು ಎಲ್ಲರೂ ಬರೆಯುತ್ತಾರೆ. ಸೌಜನ್ಯ ಇದೆ, ನಿಜ. ಆದರೆ ಇಬ್ಬರಿಗೂ ತಮ್ಮ ಹಾಡಿನ ಹಿಂದೆ ಬೇಕಾದದ್ದು ಆ ಕೈಗಳ ಲಯವೂ ಹೌದು.

ಹಾಗಾದರೆ ಮೇಸನ್ ಪಾಲಿನ ಶ್ರೇಯ ಎಲ್ಲಿ ಸೋರಿಹೋಯಿತು? ಹಾಡಿನ ಕರ್ತೃಗಳನ್ನು ನಮೂದಿಸುವ ಪದ್ಧತಿಯಲ್ಲಿ ಎಂದೇ ಹೇಳಬೇಕು. ಸಾಹಿತ್ಯ ಮತ್ತು ರಾಗಕ್ಕೆ ಅಲ್ಲಿ ಬೆಲೆ. ನಡೆಗೆ, ಎತ್ತುಗಡೆಗೆ, ಡ್ರಮ್‌ನ ಗುಚ್ಛಗಳಿಗೆ ಇಲ್ಲ. 'ವಿಶ್ ಯು ವರ್ ಹಿಯರ್', 'ಅನಿಮಲ್ಸ್', 'ದ ವಾಲ್' ಈ ಮೂರೂ ಆಲ್ಬಮ್‌ಗಳ ಕರ್ತೃಗಳ ಸಾಲಿನಲ್ಲಿ ಮೇಸನ್ ಹೆಸರೇ ಇಲ್ಲ. 2014ರ 'ದಿ ಎಂಡ್‌ಲೆಸ್ ರಿವರ್'ನಲ್ಲಿ, 1993ರ ಸುಮಾರಿನ ಹಳೆಯ ಟೇಪುಗಳಿಂದ ಕಟ್ಟಿದ 'ಸ್ಕಿನ್ಸ್' ಎಂಬ ಸಣ್ಣ ರಚನೆಯಲ್ಲಿ, ಅವರ ಡ್ರಮ್ಸ್ ಮುಂದೆ ಬಂದು ನಿಂತಾಗ ಗಿಲ್ಮೋರ್ ಮತ್ತು ರೈಟ್ ಜೊತೆಗೆ ಅವರ ಹೆಸರೂ ಬಂತು. 2024ರಲ್ಲಿ ಸೋನಿ ಕಂಪನಿ ಸುಮಾರು 40 ಕೋಟಿ ಡಾಲರ್‌ಗೆ ಪಿಂಕ್ ಫ್ಲಾಯ್ಡ್‌ನ ಧ್ವನಿಮುದ್ರಣಗಳ ಹಕ್ಕು ಕೊಂಡಿತು ಎಂದು ವರದಿಯಾಯಿತು. ಹಾಡುಗಳ ಕರ್ತೃತ್ವದ ಹಕ್ಕು ಆ ವ್ಯವಹಾರದಲ್ಲಿ ಸೇರಿಲ್ಲ. ಅದು ಬರೆದವರ ಬಳಿಯೇ ಉಳಿದಿದೆ. ಅಂದರೆ ಮೇಸನ್ ಅವರ ಬಹುಪಾಲು ಕೆಲಸ ಧ್ವನಿಮುದ್ರಣದ ಲೆಕ್ಕಕ್ಕೆ ಬರುತ್ತದೆ, ರಚನೆಯ ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನ ಈ ಗೆರೆ ಬದಲಾಗುವುದು ಕಷ್ಟ. ಪಾಂಪೇ ಚಿತ್ರವನ್ನು 2025ರಲ್ಲಿ ಹೊಸದಾಗಿ ಸಂಸ್ಕರಿಸಿ ಚಿತ್ರಮಂದಿರಗಳಿಗೆ ತಂದಂತೆ ಹಳೆಯ ಆಲ್ಬಮ್‌ಗಳು ಇನ್ನೂ ಎಷ್ಟೋ ಸಲ ಹೊಸ ರೂಪದಲ್ಲಿ ಬರಲಿವೆ. ಜೊತೆಗೆ ಅಚ್ಚಾಗುವ ಟಿಪ್ಪಣಿಗಳಲ್ಲಿ 'ಟೈಮ್'ನ ಆ ಎರಡು ನಿಮಿಷಗಳನ್ನು ಕಟ್ಟಿದವರು ಯಾರು, ಏಳರ ನಡೆಯನ್ನು ಜನಪ್ರಿಯ ಹಾಡಾಗಿಸಿದವರು ಯಾರು ಎಂದು ಸ್ಪಷ್ಟವಾಗಿ ಬರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಮೇಸನ್ ಇನ್ನೂ ನಮ್ಮ ನಡುವೆ ಇದ್ದಾರೆ. ಈ ಕೆಲಸ ಈಗಲೇ ಆಗಬೇಕು.